ತೋಟಾ ಈಗ ಮೊದಲಿನಷ್ಟು ಗಟ್ಟಿ ಇಲ್ಲವಾ? ಹನ್ನೆರಡು ಬೋರಿನವರು ನಿಮ್ಮ ಅನುಭವ ಹೇಳಿ

ಮೂಡಿಗೆರೆ ತೋಟಗಾರ

ಎಲ್ಲರಿಗೂ ನಮಸ್ಕಾರ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರು, ಕೊಡಗಿನವರು, ರೇಂಜಿನಲ್ಲಿ ಹೊಡೆಯುವವರು, ಸೇನೆಯಲ್ಲಿ ಇದ್ದು ಬಂದವರು ಎಲ್ಲರೂ ಈ ಗುಂಪಿನಲ್ಲಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹನ್ನೆರಡು ಬೋರಿನ (ನಳಿಗೆಯ ಅಳತೆ) ಕೋವಿಗೆ ಹಾಕುವ ತೋಟಾವನ್ನು, ಅಂದರೆ ಕಾರ್ತೂಸನ್ನು, ಮೊದಲಿನ ಹಾಗೆ ನಂಬುವುದಕ್ಕೆ ಆಗುತ್ತಿಲ್ಲ. ಹೋದ ಮಳೆಗಾಲ ಆನೆ ಗದ್ದೆಗೆ ಇಳಿದಿತ್ತು. ಬೆದರಿಸಲು ಗಾಳಿಗೆ ಈಡು ಹೊಡೆಯೋಣ ಅಂತ ಹೋದರೆ ಟಕ್ ಅಂದಿತೇ ಹೊರತು ಹಾರಲಿಲ್ಲ. ಎರಡನೇ ನಳಿಗೆ ಹಾರಿತು, ಆದರೆ ಸದ್ದು ತೀರಾ ಮೆತ್ತಗೆ. ಆನೆ ಮುಂದೆ ನಿಂತಿರುವಾಗ ಇದು ಸಣ್ಣ ವಿಷಯ ಅಲ್ಲ. ಅದೇ ಪೆಟ್ಟಿಗೆಯ ಉಳಿದ ತೋಟಾಗಳಲ್ಲಿ ಕೆಲವು ಚೆನ್ನಾಗಿ ಹಾರಿದವು, ಕೆಲವು ಹುಸಿಯಾದವು. ಯಾವ ಕಂಪನಿಯದು ಅಂತ ಬರೆಯುವುದಿಲ್ಲ.

ನಮ್ಮ ಅಪ್ಪನ ಕಾಲದಲ್ಲಿ ಇಂಗ್ಲೆಂಡಿನ ಎಲೀ ಕಂಪನಿಯ ಕಾಗದದ ತೋಟಾ ಬರುತ್ತಿತ್ತಂತೆ. ಹುಸಿ ಹೋಗಿದ್ದೇ ಇಲ್ಲ ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ. ತಯಾರಿಕೆಯಲ್ಲಿ ಅಂದಿನ ಶ್ರದ್ಧೆ ಹೋಗಿದೆಯಾ? ಅಥವಾ ಬೇರೆ ಏನಾದರೂ ಕಾರಣ ಇದೆಯಾ?

ಪೊನ್ನಂಪೇಟೆ ಕಾಫಿ

ನಮಸ್ಕಾರ ಅಣ್ಣ. ನಮ್ಮ ಕಡೆಯೂ ಇದೇ ಮಾತು. ಕೈಲ್‌ಪೊಳ್ದ್ (ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆ) ದಿನ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವಾಗ ಪ್ರತಿ ವರ್ಷ ಯಾರದ್ದಾದರೂ ಒಂದೆರಡು ಹುಸಿ ಆಗುತ್ತವೆ. ಮನೆಯಲ್ಲಿ ಯಾರಾದರೂ ತೀರಿಹೋದಾಗ ಊರಿಗೆ ತಿಳಿಸಲು ಎರಡು ಈಡು ಹೊಡೆಯುತ್ತೇವೆ. ಗಂಡುಮಗು ಹುಟ್ಟಿದರೆ ಒಂದೇ. ಸಾವಿನ ದಿನ ಎರಡನೆಯದು ಹಾರದಿದ್ದರೆ ಅಕ್ಕಪಕ್ಕದವರಿಗೆ ಗಂಡುಮಗು ಹುಟ್ಟಿದ ಸುದ್ದಿ ಹೋದಂತೆ! ಹಾಗಾಗಿ ನಮಗೆ ಇದು ಬರೀ ಬೇಟೆ, ಆಟದ ವಿಷಯ ಅಲ್ಲ.

ಆದರೆ ಹಳೆಯ ತೋಟಾ ಹುಸಿ ಹೋಗುತ್ತಿರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಗದದ ತೋಟಾ ನಮ್ಮ ಮಳೆಗೆ ಊದಿಕೊಳ್ಳುತ್ತಿತ್ತು. ಊದಿದ್ದನ್ನು ನಳಿಗೆಗೆ ತುರುಕಲು ಆಗುತ್ತಿರಲಿಲ್ಲ, ಒಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಅಜ್ಜಂದಿರು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುತ್ತಿದ್ದರು. ಈಗಿನ ಪ್ಲಾಸ್ಟಿಕ್ ತೋಟಾಕ್ಕೆ ಆ ಕಷ್ಟ ಇಲ್ಲ. ಚೆನ್ನಾಗಿ ಹಾರಿದ ಈಡುಗಳಷ್ಟೇ ಮನೆಯವರ ಕಥೆಯಲ್ಲಿ ಉಳಿದಿವೆ ಅಂತ ನನಗೆ ಅನ್ನಿಸುತ್ತದೆ.

ನಿರ್ವಾಹಕರು

ಚರ್ಚೆ ಮುಂದುವರಿಯಲಿ. ಎರಡು ವಿನಂತಿ. ಸ್ವಂತ ದೂರು ಹೇಳುವಾಗ ಕಂಪನಿ, ಅಂಗಡಿಯ ಹೆಸರು ಬೇಡ. ತೋಟಾ ತುಂಬುವ ವಿಧಾನ ಯಾರೂ ಹಾಕಬೇಡಿ, ಅಂಥದ್ದನ್ನು ತೆಗೆದುಹಾಕುತ್ತೇವೆ.

ಕೆಮಿಸ್ಟ್ರಿ ಮೇಷ್ಟ್ರು

ಒಲೆಯ ಮೇಲಿನ ಅಟ್ಟದ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಯಾರೂ ಈಗಲೂ ಹಾಗೆ ಮಾಡಬೇಡಿ.

ತೋಟಾದ ಒಳಗಿನ ಹೊಗೆ ಕಡಿಮೆಯ ಮದ್ದಿನ ಮುಖ್ಯ ಭಾಗ ನೈಟ್ರೊಸೆಲ್ಯುಲೋಸ್. ಅದು ಸುಮ್ಮನೆ ಇಟ್ಟರೂ ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಒಡೆಯುವಾಗ ನೈಟ್ರೊಜನ್ ಆಕ್ಸೈಡ್ ಅನಿಲ ಬರುತ್ತದೆ. ಆ ಅನಿಲ ಉಳಿದ ಮದ್ದನ್ನು ಇನ್ನೂ ಬೇಗ ಕೆಡಿಸುತ್ತದೆ. ಅದನ್ನು ತಡೆಯಲು ಮದ್ದಿಗೆ ಡೈಫಿನೈಲಮೀನ್‌ನಂಥ ಒಂದು ರಾಸಾಯನಿಕವನ್ನು ಸ್ವಲ್ಪ ಬೆರೆಸುತ್ತಾರೆ. ಅದು ಆ ಅನಿಲವನ್ನು ಹೀರಿಕೊಳ್ಳುತ್ತದೆ. ಅದು ಮುಗಿದ ದಿನ ಮದ್ದಿನ ಆಯುಸ್ಸೂ ಮುಗಿಯುತ್ತಾ ಬರುತ್ತದೆ.

ಎಷ್ಟು ಬೇಗ ಮುಗಿಯುತ್ತದೆ ಅನ್ನುವುದನ್ನು ಬಿಸಿ ನಿರ್ಧರಿಸುತ್ತದೆ. ಸ್ಥೂಲವಾಗಿ ಹೇಳಬೇಕೆಂದರೆ, ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಇಂಥ ಕ್ರಿಯೆಯ ವೇಗ ಎರಡು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಯಂತ್ರದಲ್ಲಿ ತಯಾರಾದ ಎರಡು ಪೆಟ್ಟಿಗೆಗಳು ಬೇರೆ ಬೇರೆ ಗತಿ ಕಾಣಬಹುದು. ಒಂದು ತಂಪಾದ ಕೋಣೆಯ ಬೀರುವಿನಲ್ಲಿ ಇದ್ದು 30 ವರ್ಷ ಚೆನ್ನಾಗಿರುತ್ತದೆ. ಇನ್ನೊಂದು ಶೀಟು ಮಾಡಿನ ಕೆಳಗೆ ಬೇಸಗೆ ಕಳೆದು ಬೇಗ ಸೊರಗುತ್ತದೆ. ಹಿಂದೆ ಇರುವ ಕೇಪಿಗೆ, ಅಂದರೆ ಪಿನ್ನು ಬಡಿದಾಗ ಕಿಡಿ ಕೊಡುವ ಪ್ರೈಮರ್‌ಗೆ, ಬಿಸಿಗಿಂತ ತೇವ ಮತ್ತು ಎಣ್ಣೆ ದೊಡ್ಡ ಶತ್ರು. ಕೋವಿಗೆ ಹಾಕುವ ಎಣ್ಣೆಯನ್ನು ತೋಟಾಕ್ಕೂ ಸವರಿ ಇಡುವವರು ಇದ್ದಾರೆ. ಅದು ನಿಧಾನವಾಗಿ ಕೇಪಿನೊಳಗೆ ಇಳಿಯುತ್ತದೆ.

ಇನ್ನೊಂದು. ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿದು, ತೇವ ಎಳೆದು, ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತಿತ್ತು. ಬಿಸಿನೀರಿನಲ್ಲಿ ನಳಿಗೆ ತೊಳೆಯುವ ರೂಢಿ ಅದಕ್ಕೇ ಬಂದದ್ದು. ಈಗಿನ ತೋಟಾಗಳಲ್ಲಿ ಆ ಉಪ್ಪಿನ ಕಾಟ ಇಲ್ಲ. ಇದು ನಿಜವಾದ ಸುಧಾರಣೆ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಮೂಡಿಗೆರೆ ತೋಟಗಾರ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆದರೆ ನನ್ನ ಪೆಟ್ಟಿಗೆ ಅದೇ ವರ್ಷ ಕೊಂಡದ್ದು. ಮನೆಯೊಳಗೆ ಕಬ್ಬಿಣದ ಬೀರುವಿನಲ್ಲೇ ಇತ್ತು. ಬಿಸಿ ಇಲ್ಲ, ನೀರು ಬಿದ್ದಿಲ್ಲ. ನನ್ನ ಕೈಗೆ ಬರುವ ಮೊದಲು ಅದು ಎಲ್ಲಿ, ಎಷ್ಟು ಕಾಲ ಕೂತಿತ್ತು ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು?

ಹಾಸನ ಕೋವಿ ರಿಪೇರಿ

ಮೂರು ತಲೆಮಾರಿನಿಂದ ಕೋವಿ ರಿಪೇರಿ ನಮ್ಮ ಕೆಲಸ. ತೋಟಾ ಕೆಟ್ಟಿದೆ ಅಂತ ಬಂದವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಹುಸಿಯಾದ ತೋಟಾ ಎಸೆಯಬೇಡಿ, ಅದರ ಹಿಂಭಾಗ ನೋಡಿ.

ಕೇಪಿನ ನಡುವೆ ಪಿನ್ನು ಆಳವಾಗಿ, ದುಂಡಗೆ ಬಡಿದ ಗುರುತು ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಗುರುತು ತೇಲಿದ್ದರೆ, ಅಥವಾ ನಡುವೆ ಬೀಳದೆ ಬದಿಗೆ ಬಿದ್ದಿದ್ದರೆ, ಸ್ಪ್ರಿಂಗು ಸೋತಿದೆ ಅಥವಾ ಪಿನ್ನು ಸವೆದಿದೆ. ಹಳೆ ಜೋಡಿ ನಳಿಗೆಗಳಲ್ಲಿ ಕೀಲು ಸಡಿಲವಾಗಿ ತೋಟಾ ಹಿಂದೆ ಮುಂದೆ ಆಡುತ್ತದೆ. ಆಗ ಪಿನ್ನಿನ ಪೆಟ್ಟಿನಲ್ಲಿ ಅರ್ಧ ಬಲ ತೋಟಾವನ್ನು ಮುಂದೆ ತಳ್ಳುವುದಕ್ಕೇ ಹೋಗುತ್ತದೆ.

ನಮ್ಮ ಕಡೆ ಇರುವ ಕೋವಿಗಳಲ್ಲಿ ಬಹಳಷ್ಟು ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ, ಅಲ್ಲಿಂದ ಮಗನ ಹೆಸರಿಗೆ ಬಂದವು. ಹೆಸರು ಬದಲಾಯಿಸಲು ಆಫೀಸಿಗೆ ಅಲೆಯುತ್ತಾರೆ, ಸ್ಪ್ರಿಂಗು ಬದಲಾಯಿಸಲು ಮಾತ್ರ ಯಾರೂ ಬರುವುದಿಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು, ತಿಂಗಳುಗಟ್ಟಲೆ ಆದ ಮೇಲೆ ತಂದು, ಹಾಗೇ ಮೂಲೆಗೆ ಒರಗಿಸುತ್ತಾರೆ. ಒಳಗೆ ಗಟ್ಟಿಯಾದ ಎಣ್ಣೆ ಪಿನ್ನನ್ನು ಹಿಡಿದುಕೊಂಡಿರುತ್ತದೆ.

ಇನ್ನೊಂದು ವಿಷಯ ಎಲ್ಲರೂ ಗಮನಿಸಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ 65 ಮಿಲಿಮೀಟರ್ ತೋಟಾದ ಅಳತೆ. ಈಗ ಜಾಸ್ತಿ ಸಿಗುವುದು 70 ಮಿಲಿಮೀಟರ್. ಅದು ಒಳಗೆ ಸಲೀಸಾಗಿ ಕೂರುತ್ತದೆ. ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಮಾತ್ರ ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿಯ ಮೇಲೆ ಏನು ಬರೆದಿದೆ ಅಂತ ನೋಡದೆ ಕೊಳ್ಳಬೇಡಿ. ಅಂಥ ಕೋವಿ ಒಡೆದರೆ ಅದನ್ನೂ ತೋಟಾದ ಲೆಕ್ಕಕ್ಕೇ ಬರೆಯುತ್ತಾರೆ.

ಮೂಡಿಗೆರೆ ತೋಟಗಾರ

ಈಗಷ್ಟೇ ಬೀರು ತೆಗೆದು ನೋಡಿದೆ. ಹುಸಿಯಾದವನ್ನು ಎತ್ತಿಟ್ಟಿದ್ದೆ. ಗುರುತು ಆಳವಾಗಿಯೇ ಇದೆ, ಸರಿಯಾಗಿ ನಡುವೆಯೇ ಇದೆ. ಹಾಗಾದರೆ ಇದು ಕೋವಿಯ ತಪ್ಪಲ್ಲ.

ಹಾಸನ ಕೋವಿ ರಿಪೇರಿ

ಹಾಗಾದರೆ ನಿಮ್ಮ ದೂರು ಸರಿ ಸರ್. ಪೆಟ್ಟಿಗೆಯ ಮೇಲೆ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನ ನಂಬರ್, ಇರುತ್ತದೆ, ಅದನ್ನು ಹರಿದುಹೋಗದ ಹಾಗೆ ಇಟ್ಟುಕೊಳ್ಳಿ.

ನಿವೃತ್ತ ಸುಬೇದಾರ್, ಸೋಮವಾರಪೇಟೆ

ಸೇನೆಯ ಕಡೆಯ ವಿಷಯ ಸ್ವಲ್ಪ ಹೇಳುತ್ತೇನೆ. ಇದು ನನ್ನ ಸ್ವಂತ ದೂರು ಅಲ್ಲ, ಸಾರ್ವಜನಿಕ ದಾಖಲೆಯಲ್ಲಿ ಇರುವುದು.

ಸಿಎಜಿ (ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ) 2015ರಲ್ಲಿ ಸೇನೆಯ ಮದ್ದುಗುಂಡು ನಿರ್ವಹಣೆಯ ಬಗ್ಗೆ ಗಂಭೀರ ವರದಿ ಕೊಟ್ಟಿತು. 2017ರಲ್ಲಿ ಮತ್ತೆ ನೋಡಿದಾಗ, ಸರ್ಕಾರದ ಶಸ್ತ್ರ ಕಾರ್ಖಾನೆಗಳಾದ ಆರ್ಡ್ನೆನ್ಸ್ ಫ್ಯಾಕ್ಟರಿಗಳಿಂದ ಬರುವ ಮದ್ದುಗುಂಡಿನ ಪ್ರಮಾಣದಲ್ಲಾಗಲಿ ಗುಣಮಟ್ಟದಲ್ಲಾಗಲಿ 2013ರ ಮಾರ್ಚ್‌ನಿಂದ ಹೇಳಿಕೊಳ್ಳುವಂಥ ಸುಧಾರಣೆ ಆಗಿಲ್ಲ ಅಂದಿತು. 2020ರಲ್ಲಿ ಸೇನೆಯ ಒಂದು ಆಂತರಿಕ ವರದಿ ಪತ್ರಿಕೆಗಳಲ್ಲಿ ಬಂತು. 2014ರಿಂದ 2020ರವರೆಗೆ ದೋಷದ ಮದ್ದುಗುಂಡಿನಿಂದ ಸುಮಾರು 960 ಕೋಟಿ ರೂಪಾಯಿ ನಷ್ಟ ಅನ್ನುವ ಲೆಕ್ಕ ಅದರಲ್ಲಿತ್ತು. ಆ ಫ್ಯಾಕ್ಟರಿಗಳನ್ನು ನಡೆಸುತ್ತಿದ್ದ ಮಂಡಳಿ ಅದನ್ನು ಒಪ್ಪಲಿಲ್ಲ. 2021ರ ಅಕ್ಟೋಬರ್ 1ರಂದು ಮಂಡಳಿಯನ್ನೇ ಒಡೆದು ಏಳು ಸರ್ಕಾರಿ ಕಂಪನಿ ಮಾಡಿದರು. 1869ರಲ್ಲಿ ಶುರುವಾದ ಪುಣೆಯ ಖಡ್ಕಿ ಫ್ಯಾಕ್ಟರಿ, ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡು ಕಾರ್ಡೈಟ್ ಫ್ಯಾಕ್ಟರಿ ಎಲ್ಲ ಈಗ ಮ್ಯುನಿಷನ್ಸ್ ಇಂಡಿಯಾ ಅನ್ನುವ ಕಂಪನಿಯ ಕೆಳಗಿವೆ.

ಆದರೆ ಅದು ಫಿರಂಗಿ, ಟ್ಯಾಂಕ್ ಗುಂಡುಗಳ ಮಾತು. ಅದನ್ನು ತಂದು ತೋಟದ ಹನ್ನೆರಡು ಬೋರಿಗೆ ನೇರವಾಗಿ ಅಂಟಿಸಬಾರದು.

ಇನ್ನು "ಹಳೆಯ ಕಾಲದಲ್ಲಿ ಚೆನ್ನಾಗಿತ್ತು" ಅನ್ನುವವರಿಗೆ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ 1916ರ ಸೊಮ್ ಕದನ ನೆನಪಿಸುತ್ತೇನೆ. ಬ್ರಿಟಿಷರು ಒಂದು ವಾರದಲ್ಲಿ 15 ಲಕ್ಷಕ್ಕೂ ಜಾಸ್ತಿ ಫಿರಂಗಿ ಗುಂಡು ಹಾರಿಸಿದರು. ಅದರಲ್ಲಿ ಸುಮಾರು ಮೂರರಲ್ಲಿ ಒಂದು ಸಿಡಿಯಲೇ ಇಲ್ಲ ಅನ್ನುವ ಅಂದಾಜು ಇದೆ. ಅದರ ಹಿಂದಿನ ವರ್ಷ ಗುಂಡು ಸಾಲದು ಅಂತ ಗಲಾಟೆ ಎದ್ದು, ಹೊಸ ಹೊಸ ಕಾರ್ಖಾನೆ ತೆರೆದು, ಹೊಸಬರನ್ನು ಸೇರಿಸಿಕೊಂಡು, ಅವಸರದಲ್ಲಿ ತಯಾರಿಸಿದ ಮಾಲು ಅದು. ಫ್ರಾನ್ಸ್, ಬೆಲ್ಜಿಯಂ ರೈತರು ಆ ಯುದ್ಧದ ಗುಂಡುಗಳನ್ನು ಇವತ್ತಿಗೂ ಉಳುವಾಗ ಎತ್ತುತ್ತಿದ್ದಾರೆ. ಗುಣಮಟ್ಟ ಕೆಡುವುದು ಕಾಲ ಕಳೆದಂತೆ ಅಲ್ಲ. ಅವಸರ ಬಂದಾಗ, ತಪಾಸಣೆ ಸಡಿಲವಾದಾಗ. ಅದು 1916ರಲ್ಲೂ ಆಗಬಹುದು, ಇವತ್ತೂ ಆಗಬಹುದು.

ಡಲ್ಲಾಸ್ ಕನ್ನಡಿಗ

ಸುಬೇದಾರ್ ಸರ್ ಮಾತು ಇಲ್ಲಿಗೂ ಹೊಂದುತ್ತದೆ. 2020ರಲ್ಲಿ ಅಮೆರಿಕದಲ್ಲಿ ಕೋವಿ ಕೊಳ್ಳುವವರ ಹಿನ್ನೆಲೆ ಪರಿಶೀಲನೆ ಆ ಒಂದೇ ವರ್ಷದಲ್ಲಿ ಸುಮಾರು 3.97 ಕೋಟಿ ಆಯಿತು. ಗುಂಡು ಅಂಗಡಿಯಲ್ಲಿ ಇಲ್ಲವೇ ಇಲ್ಲ. ಯಂತ್ರಗಳು ಹಗಲು ರಾತ್ರಿ ಓಡಿದವು. ಆಮೇಲೆ ಇಲ್ಲಿನ ಶೂಟಿಂಗ್ ಗುಂಪುಗಳಲ್ಲಿ ನಿಮ್ಮ ಹಾಗೆಯೇ ದೂರು ಶುರುವಾಯಿತು: ಕೇಪು ಓರೆ ಕೂತಿದೆ, ಮದ್ದೇ ಇಲ್ಲ, ಹಿಂದೆ ಹೀಗಿರಲಿಲ್ಲ ಅಂತ. ಆದರೆ ಅಷ್ಟೊಂದು ಜನ ಹೊಸದಾಗಿ ಹೊಡೆಯಲು ಶುರುಮಾಡಿದರೆ ದೋಷದ ಪ್ರಮಾಣ ಅಷ್ಟೇ ಇದ್ದರೂ ದೂರಿನ ಸಂಖ್ಯೆ ಏರುತ್ತದೆ ಅಲ್ವಾ?

ಹಳೆಯ ಉದಾಹರಣೆ ಒಂದು. ವಿಯೆಟ್ನಾಂನಲ್ಲಿ ಎಂ-16 ರೈಫಲ್ ಸಿಕ್ಕಿಹಾಕಿಕೊಂಡು ಎಷ್ಟೋ ಸೈನಿಕರು ಸತ್ತರು. 1967ರಲ್ಲಿ ಸಂಸತ್ತಿನ ಸಮಿತಿ ವಿಚಾರಿಸಿದಾಗ ಮುಖ್ಯ ಕಾರಣವಾಗಿ ಕಂಡದ್ದು ಮದ್ದಿನ ಬದಲಾವಣೆ. ರೈಫಲ್ ರೂಪಿಸಿದಾಗ ಇದ್ದ ಮದ್ದು ಒಂದು, ಸೇನೆ ಆಮೇಲೆ ತಂದ ಮದ್ದು ಇನ್ನೊಂದು. ಹೊಸದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಜಾಸ್ತಿ ಇದ್ದು ಒಳಗೆ ಕಸ ಕಟ್ಟುತ್ತಿತ್ತು. ಜೊತೆಗೆ ಗುಂಡು ಕೂರುವ ಜಾಗಕ್ಕೆ ಕ್ರೋಮ್ ಲೇಪ ಇರಲಿಲ್ಲ, ಶುಚಿ ಮಾಡುವ ಸಾಮಾನೂ ಸರಿಯಾಗಿ ಕೊಟ್ಟಿರಲಿಲ್ಲ. ಗುಂಡು ಬೇರೆ, ಕೋವಿ ಬೇರೆ ಅಂತ ಬಿಡಿಸಿ ನೋಡಿದ್ದರೆ ಕಾರಣ ಸಿಗುತ್ತಲೇ ಇರಲಿಲ್ಲ.

ಬೆಂಗಳೂರು ರೇಂಜ್

ನಾನು ಪಾಯಿಂಟ್ ಟೂ ಟೂ (.22) ಅನ್ನುವ ಸಣ್ಣ ಗುಂಡಿನ ರೈಫಲ್ ಸ್ಪರ್ಧೆಗೆ ಹೊಡೆಯುವವಳು. ನಮ್ಮಲ್ಲಿ "ಈ ಕಂಪನಿ ಒಳ್ಳೆಯದು, ಆ ಕಂಪನಿ ಕೆಟ್ಟದ್ದು" ಅನ್ನುವ ಮಾತು ಕಡಿಮೆ. ಲಾಟ್ ಯಾವುದು ಅಂತ ಕೇಳುತ್ತೇವೆ. ದೊಡ್ಡ ಸ್ಪರ್ಧೆಗೆ ಹೋಗುವವರು ಯುರೋಪಿನ ಕಂಪನಿಗಳ ಪರೀಕ್ಷಾ ಕೇಂದ್ರಕ್ಕೆ ತಮ್ಮ ನಳಿಗೆಯನ್ನೇ ಒಯ್ದು, ಬೇರೆ ಬೇರೆ ಲಾಟ್ ಹೊಡೆದು ನೋಡಿ, ಹೊಂದಿದ ಲಾಟನ್ನೇ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಅದೇ ಕಂಪನಿ, ಅದೇ ಹೆಸರು, ಅದೇ ಬೆಲೆ, ಆದರೂ ಲಾಟ್ ಬದಲಾದರೆ ಗುರಿಯ ಹರಡು ಬದಲಾಗುತ್ತದೆ.

ಈ ಗುಂಡಿಗೆ ಕೇಪು ಪ್ರತ್ಯೇಕ ಇಲ್ಲ. ಹಿಂದಿನ ಅಂಚಿನ ಮಡಿಕೆಯೊಳಗೆ ಹಸಿ ಮಿಶ್ರಣವನ್ನು ಗಿರ್ರನೆ ತಿರುಗಿಸಿ ಹರಡಿಸುತ್ತಾರೆ. ಒಂದು ಕಡೆ ಹರಡದೆ ಉಳಿದರೆ, ಪಿನ್ನು ಅಲ್ಲೇ ಬಡಿದರೆ, ಹುಸಿ. ಹಾಗಾಗಿ ಹನ್ನೆರಡು ಬೋರಿಗಿಂತ ಇದರಲ್ಲಿ ಹುಸಿ ಜಾಸ್ತಿಯೇ. ಒಳ್ಳೆಯ ಕಂಪನಿಯದ್ದರಲ್ಲೂ ಆಗುತ್ತದೆ.

ಮೂಡಿಗೆರೆ ತೋಟಗಾರ

ನೀವೆಲ್ಲ ಹೇಳಿದ್ದು ಸರಿ. ಆದರೆ ನಮ್ಮಂಥವರಿಗೆ ಲಾಟ್ ಆರಿಸುವ ಭಾಗ್ಯ ಎಲ್ಲಿದೆ? ಲೈಸೆನ್ಸಿನಲ್ಲಿ ಬರೆದಷ್ಟೇ ಕೊಳ್ಳಬೇಕು. ಅಂಗಡಿಯಲ್ಲಿ ಇದ್ದದ್ದನ್ನೇ ಕೊಳ್ಳಬೇಕು. ಒಂದು ಪೆಟ್ಟಿಗೆಯನ್ನು ಎರಡು ಮೂರು ವರ್ಷ ಇಟ್ಟುಕೊಳ್ಳುತ್ತೇವೆ. ಹೊಡೆದು ಪರೀಕ್ಷೆ ಮಾಡಿದರೆ ಕಾಡುಹಂದಿ ಬಂದ ದಿನ ಕೈಯಲ್ಲಿ ಏನೂ ಇರುವುದಿಲ್ಲ. ಅಮೆರಿಕದಲ್ಲಿ ಲಾಟ್ ಕೆಟ್ಟರೆ ಕಂಪನಿ ವಾಪಸ್ ಕರೆಯುತ್ತದೆ ಅಂತ ಕೇಳಿದ್ದೇನೆ. ಅದು ನಿಜವಾ?

ಡಲ್ಲಾಸ್ ಕನ್ನಡಿಗ

ನಿಜ. ಲಾಟ್ ನಂಬರಿನ ಸಮೇತ ಪ್ರಕಟಣೆ ಹಾಕುತ್ತಾರೆ. ಆ ನಂಬರಿನದ್ದು ಹೊಡೆಯಬೇಡಿ, ನಮಗೆ ಕಳುಹಿಸಿ, ಖರ್ಚು ನಮ್ಮದು ಅಂತ ಇರುತ್ತದೆ. ದೊಡ್ಡ ದೊಡ್ಡ ಕಂಪನಿಗಳೇ ಹಾಗೆ ಹಾಕಿವೆ. ಅದನ್ನು ನೋಡಿದವರು "ನೋಡಿ, ಗುಣಮಟ್ಟ ಬಿದ್ದಿದೆ" ಅನ್ನುತ್ತಾರೆ. ನನಗೆ ಅದು ಉಲ್ಟಾ ಕಾಣುತ್ತದೆ. ತಪ್ಪನ್ನು ಹಿಡಿದು, ಯಾವ ದಿನದ ಮಾಲು ಅಂತ ಗುರುತಿಸಿ, ಊರಿಗೆಲ್ಲ ಹೇಳುವಷ್ಟು ವ್ಯವಸ್ಥೆ ಅಲ್ಲಿ ಇದೆ ಅಂತ ಅರ್ಥ.

ಕೆಮಿಸ್ಟ್ರಿ ಮೇಷ್ಟ್ರು

ಇಲ್ಲಿ ಒಂದು ತಿರುಳಿನ ಪ್ರಶ್ನೆ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಬಲ್ಬನ್ನು ಒಂದೊಂದೂ ಉರಿಸಿ ನೋಡಿ ಮಾರಬಹುದು. ತೋಟಾವನ್ನು ಹಾಗೆ ಮಾಡಲು ಆಗುವುದಿಲ್ಲ. ಪರೀಕ್ಷೆ ಮಾಡಿದ ತೋಟಾ ಮುಗಿದುಹೋಯಿತು. ತೂಕ, ಅಳತೆ, ಕೇಪು ಎಷ್ಟು ಒಳಗೆ ಕೂತಿದೆ ಇವನ್ನೆಲ್ಲ ಒಂದೊಂದಕ್ಕೂ ನೋಡಬಹುದು, ಈಗ ಕ್ಯಾಮೆರಾದಲ್ಲೇ ನೋಡುತ್ತಾರೆ. ಹಾರುತ್ತದಾ ಅನ್ನುವುದನ್ನು ಮಾತ್ರ ಮಾದರಿ ತೆಗೆದೇ ನೋಡಬೇಕು. ಕೇಪುಗಳಿಗಾದರೆ ಇಷ್ಟು ತೂಕದ ಉಕ್ಕಿನ ಗೋಲಿಯನ್ನು ಇಷ್ಟು ಎತ್ತರದಿಂದ ಬೀಳಿಸಿದರೆ ಎಲ್ಲವೂ ಹಾರಬೇಕು, ಇಷ್ಟು ಎತ್ತರದಿಂದ ಬಿದ್ದರೆ ಒಂದೂ ಹಾರಬಾರದು ಅನ್ನುವ ಪರೀಕ್ಷೆ ಇದೆ. ಉಳಿದ ಲಾಟಿನ ಭವಿಷ್ಯವನ್ನು ಆ ಮಾದರಿಯಿಂದಲೇ ಊಹಿಸಬೇಕು.

ಈಗ ಲೆಕ್ಕ. 300 ತೋಟಾ ಹೊಡೆದು ಒಂದೂ ಹುಸಿಯಾಗದಿದ್ದರೆ ಆಗ ಮಾತ್ರ "ದೋಷ 100ಕ್ಕೆ 1ಕ್ಕಿಂತ ಕಡಿಮೆ" ಅಂತ 100ಕ್ಕೆ 95 ಪಾಲು ಧೈರ್ಯದಿಂದ ಹೇಳಬಹುದು. ಸಾವಿರಕ್ಕೆ 1ಕ್ಕಿಂತ ಕಡಿಮೆ ಅನ್ನಬೇಕಾದರೆ ಸುಮಾರು 3,000 ಹೊಡೆಯಬೇಕು. 25ರ ಒಂದು ಪೆಟ್ಟಿಗೆ ಹೊಡೆದು "ಒಂದೂ ಕೆಟ್ಟಿಲ್ಲ, ಅದ್ಭುತ" ಅನ್ನುವವರ ಮಾತಿಗೆ ತೂಕ ಇಲ್ಲ. 10ರಲ್ಲಿ ದೋಷ 1 ಇರುವಷ್ಟು ಕೆಟ್ಟ ಲಾಟ್ ಆದರೂ 25ರ ಪೆಟ್ಟಿಗೆ ಪೂರ್ತಿ ಚೆನ್ನಾಗಿ ಹಾರುವ ಸಾಧ್ಯತೆ 100ಕ್ಕೆ 7ರಷ್ಟಿದೆ. ಇನ್ನೊಂದು ಕಡೆ, ಒಂದು ಪೆಟ್ಟಿಗೆಯಲ್ಲಿ ಎರಡು ಮೂರು ಹುಸಿ ಆದರೆ ಅದು ಕಡೆಗಣಿಸುವ ವಿಷಯ ಅಲ್ಲ. ದೋಷ ನಿಜವಾಗಿಯೂ ಸಾವಿರಕ್ಕೆ 1 ಇದ್ದಿದ್ದರೆ ಹಾಗೆ ಆಗುವುದು ಬಹಳ ಅಪರೂಪ. ತೋಟಗಾರರೇ, ನಿಮ್ಮ ಪೆಟ್ಟಿಗೆ ಆ ಥರದ್ದು. ನಿಮ್ಮ ಅನುಮಾನಕ್ಕೆ ಆಧಾರ ಇದೆ.

ಆದರೆ "ಕಾಲದಿಂದ ಕಾಲಕ್ಕೆ ಇಳಿದಿದೆ" ಅನ್ನಬೇಕಾದರೆ 1980ರ ಲೆಕ್ಕವೂ ಬೇಕು, ಇವತ್ತಿನ ಲೆಕ್ಕವೂ ಬೇಕು. ನಮ್ಮ ತೋಟಗಳಲ್ಲಿ ಯಾರೂ ಬರೆದಿಟ್ಟಿಲ್ಲ.

ಪೊನ್ನಂಪೇಟೆ ಕಾಫಿ

ಮೇಷ್ಟ್ರೇ, ಅಲ್ಲೇ ನನ್ನ ಸಿಟ್ಟು. ಕೋವಿಯ ಬಗ್ಗೆ ನಮ್ಮ ದೇಶದಲ್ಲಿ ಎಲ್ಲದಕ್ಕೂ ಪುಸ್ತಕ ಇದೆ. ಯಾರು ಕೊಂಡರು, ಎಷ್ಟು ಕೊಂಡರು, ಯಾವ ಲೈಸೆನ್ಸು, ಯಾವ ದಿನಾಂಕ ಎಲ್ಲ ಅಂಗಡಿಯಲ್ಲಿ ಬರೆದುಕೊಳ್ಳುತ್ತಾರೆ. ಕೊಡವರಾದ ನಮಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದ್ದರೂ ಸರ್ಟಿಫಿಕೇಟ್ ತೋರಿಸಿಯೇ ಕೊಳ್ಳಬೇಕು. ಕೊಳ್ಳುವವನ ಮೇಲೆ ಇಷ್ಟು ನಿಗಾ ಇಡುವವರು ಕೊಟ್ಟ ಮಾಲಿನ ಮೇಲೆ ಯಾಕೆ ಇಡುವುದಿಲ್ಲ? ಹುಸಿ ಹೋದ ತೋಟಾ ತಗೊಂಡು ಹೋದರೆ ಅಂಗಡಿಯವರು "ಮಳೆಗೆ ತೇವ ಹಿಡಿದಿದೆ" ಅನ್ನುತ್ತಾರೆ. ಅವರದ್ದೂ ತಪ್ಪಿಲ್ಲ, ಅವರ ಬಳಿಯೂ ಮೇಲಕ್ಕೆ ಹೇಳುವ ದಾರಿ ಇಲ್ಲ. ಗುಣಮಟ್ಟ ಇಳಿದಿದೆಯೋ ಇಲ್ಲವೋ ಬೇರೆ ಮಾತು. ಇಳಿದರೆ ಗೊತ್ತಾಗುವ ಹಾಗೆಯೇ ನಾವು ಇಲ್ಲ. ನನಗೆ ಭಯ ಅದರದ್ದು.

ನಿವೃತ್ತ ಸುಬೇದಾರ್, ಸೋಮವಾರಪೇಟೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಸೇನೆಯಲ್ಲಿ ಒಂದು ಗುಂಡು ಕೆಟ್ಟರೆ ಮೊದಲು ಲಾಟ್ ನಂಬರ್ ಬರೆಯುತ್ತಾರೆ. ಬೇಕಾದರೆ ಆ ಇಡೀ ಲಾಟಿನ ಬಳಕೆ ನಿಲ್ಲಿಸುತ್ತಾರೆ. ಸಿಎಜಿಯವರಿಗೆ ಅಷ್ಟೆಲ್ಲ ಹೇಳಲು ಆಗಿದ್ದೂ ಆ ದಾಖಲೆ ಇದ್ದದ್ದಕ್ಕೇ.

ಇಷ್ಟು ಹೊತ್ತು ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು. ತೋಟಗಾರರು ಮೊದಲ ನಳಿಗೆ ಹುಸಿಯಾಯಿತು, ಎರಡನೆಯದು ಮೆತ್ತಗೆ ಹಾರಿತು ಅಂದರು. ಈ ಎರಡೂ ಬೇರೆ ಬೇರೆ ಅಪಾಯ. ಟಕ್ ಅಂದು ಹಾರದಿದ್ದರೆ ಕೂಡಲೇ ಕೋವಿ ಮಡಚಿ ತೆರೆಯಬೇಡಿ. ಕೆಲವೊಮ್ಮೆ ಕೇಪು ತಡವಾಗಿ ಹೊತ್ತುತ್ತದೆ. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಮೆತ್ತಗೆ ಹಾರಿದ್ದು ಇನ್ನೂ ಕೆಟ್ಟದ್ದು. ಮದ್ದು ಪೂರ್ತಿ ಉರಿಯದಿದ್ದರೆ ತೋಟಾದ ಒಳಗಿನ ಬಿರಡೆ (ಮದ್ದಿಗೂ ಚರೆಗೂ ನಡುವಿನ ತಡೆ) ನಳಿಗೆಯ ಮಧ್ಯದಲ್ಲೇ ನಿಂತಿರಬಹುದು. ಅದನ್ನು ನೋಡದೆ ಮುಂದಿನ ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ಸದ್ದು ಬೇರೆ ಥರ ಬಂದರೆ ನಿಲ್ಲಿಸಿ, ತೋಟಾ ಎರಡೂ ಹೊರಗೆ ತೆಗೆದು, ನಳಿಗೆಯಲ್ಲಿ ಬೆಳಕು ಆಚೆ ಕಾಣುತ್ತದಾ ಅಂತ ನೋಡಿ. ಆನೆ ಎದುರಿಗಿದ್ದರೆ ಹಿಂದೆ ಸರಿಯಿರಿ, ಮತ್ತೊಂದು ತುಂಬಬೇಡಿ.

ಹಾಸನ ಕೋವಿ ರಿಪೇರಿ

ಇದಕ್ಕೆ ಒಂದು ಸೇರಿಸುತ್ತೇನೆ. ಮನೆಯಲ್ಲಿ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಎರಡರ ತೋಟಾವನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಇಪ್ಪತ್ತರದ್ದು ಸಣ್ಣದಾದ್ದರಿಂದ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನೀವು ಖಾಲಿ ಅಂದುಕೊಂಡು ಹಿಂದೆ ಹನ್ನೆರಡರದ್ದು ಹಾಕುತ್ತೀರಿ, ಹೊಡೆದರೆ ನಳಿಗೆಯೇ ಒಡೆಯುತ್ತದೆ. ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಕೊಡುವುದೇ ಇದಕ್ಕಾಗಿ.

ಮೂಡಿಗೆರೆ ತೋಟಗಾರ

ಸುಬೇದಾರ್ ಸರ್, ಇದನ್ನು ತೋಟದ ಕಾವಲಿನ ಹುಡುಗರಿಗೂ ಓದಿ ಹೇಳುತ್ತೇನೆ.

ಎಲ್ಲರ ಮಾತು ಓದಿದ ಮೇಲೆ ನನ್ನ ಬೇಡಿಕೆ ಬದಲಾಗಿದೆ. ಈ ಗುಂಪಿನಲ್ಲಿ ಇಷ್ಟು ಜನ ಇದ್ದೇವೆ. ಹುಸಿಯಾದ ಪ್ರತಿ ತೋಟಾಕ್ಕೂ ನಾಲ್ಕು ವಿಷಯ ಬರೆದಿಡೋಣ: ಪೆಟ್ಟಿಗೆಯ ಲಾಟ್ ನಂಬರ್, ಕೊಂಡ ವರ್ಷ, ಎಲ್ಲಿ ಇಟ್ಟಿದ್ದು, ಕೇಪಿನ ಮೇಲಿನ ಗುರುತು ಆಳವೋ ತೇಲಿಕೆಯೋ. ಚೆನ್ನಾಗಿ ಹಾರಿದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಮೇಷ್ಟ್ರ ಲೆಕ್ಕಕ್ಕೆ ಬರುವುದಿಲ್ಲ. ನಿರ್ವಾಹಕರು ಒಪ್ಪಿದರೆ ಲಾಟ್ ನಂಬರುಗಳನ್ನು ಇಲ್ಲಿ ಹಾಕದೆ ಮೇಷ್ಟ್ರಿಗೆ ಖಾಸಗಿಯಾಗಿ ಕಳುಹಿಸೋಣ. ಸಾಕಷ್ಟು ಸೇರಿದ ಮೇಲೆ ಬೆಳೆಗಾರರ ಸಂಘದ ಮೂಲಕ ತಯಾರಕರಿಗೆ ಪತ್ರ ಬರೆಯೋಣ.

ನಿರ್ವಾಹಕರು

ಒಪ್ಪಿಗೆ ಇದೆ. ಹೆಸರು, ಊರು, ಕೋವಿಯ ನಂಬರ್, ಲೈಸೆನ್ಸ್ ನಂಬರ್ ಯಾರೂ ಕಳುಹಿಸಬೇಡಿ. ತೋಟಾದ ವಿವರ ಮಾತ್ರ ಸಾಕು.

ಪೊನ್ನಂಪೇಟೆ ಕಾಫಿ

ನಾನು ತಯಾರು. ಸೆಪ್ಟೆಂಬರ್ 3ರ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ನಮ್ಮ ಕಡೆ ತೋಟಾ ಕೊಳ್ಳುವವರು ಜಾಸ್ತಿ. ಅಂಗಡಿಯವರ ಹತ್ತಿರ ಮಾತಾಡಿ ಬಿಲ್ಲಿನ ಮೇಲೆಯೇ ಲಾಟ್ ನಂಬರ್ ಬರೆದುಕೊಡಲು ಕೇಳುತ್ತೇನೆ. ಒಂದು ಪ್ರಶ್ನೆ ಮೇಷ್ಟ್ರೇ, ಬಿಡಿಯಾಗಿ ಹತ್ತು ಹತ್ತು ಕೊಳ್ಳುವವರಿಗೆ ಪೆಟ್ಟಿಗೆಯೇ ಸಿಗುವುದಿಲ್ಲ. ಅವರಿಗೆ ಏನು ಮಾಡಲು ಹೇಳಲಿ?

ಕೆಮಿಸ್ಟ್ರಿ ಮೇಷ್ಟ್ರು

ಪೆಟ್ಟಿಗೆಯ ಆ ಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಲು ಹೇಳಿ ಅಕ್ಕ. ಅಷ್ಟು ಸಾಕು. ಮನೆಗೆ ತಂದ ಮೇಲೆ ಹಳೆಯದರ ಜೊತೆ ಬೆರೆಸದೆ ಬೇರೆ ಡಬ್ಬಿಯಲ್ಲಿ ಇಡಲಿ.